ಗೆರ್ನಿಕಾದ ಬಾಗಿಲಾಚೆ ನಿಂತಿದ್ದ ಶಿಲ್ಪ

ಪಿಕಾಸೊನ ಗೆರ್ನಿಕಾ ಚಿತ್ರ ಯಾರಿಗೆ ಗೊತ್ತಿಲ್ಲ? 1937ರ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ, ಸ್ಪೇನ್ ಮಂಟಪದ ಒಳಗೆ ಜನ ಅದನ್ನು ಮೊದಲು ನೋಡಿದರು. ಅದೇ ಮಂಟಪದ ಹೊರಗೆ ಸುಮಾರು 12.5 ಮೀಟರ್ ಎತ್ತರದ ಒಂದು ಶಿಲ್ಪವೂ ಇತ್ತು. ಉತ್ತ ಹೊಲದ ಸಾಲುಗಳಂತೆ ಮೈತುಂಬ ಗೆರೆಗಳು, ತುದಿಯಲ್ಲೊಂದು ನಕ್ಷತ್ರ. 'ಸ್ಪೇನಿನ ಜನರಿಗೆ ನಕ್ಷತ್ರದ ಕಡೆಗೆ ಹೋಗುವ ದಾರಿಯೊಂದಿದೆ' ಎಂಬುದು ಅದರ ಹೆಸರು. ಮಾಡಿದವರು ಆಲ್ಬೆರ್ತೊ ಸಾಂಚೆಸ್. ಚಿತ್ರ ಜಗತ್ತೆಲ್ಲ ಸುತ್ತಿತು. ಶಿಲ್ಪ ಕಳೆದೇ ಹೋಯಿತು.

ಆಲ್ಬೆರ್ತೊ 1895ರಲ್ಲಿ ಟೊಲೆಡೊದಲ್ಲಿ ಹುಟ್ಟಿದ ಬಡವರ ಮನೆಯ ಹುಡುಗ. ಹೊಟ್ಟೆಪಾಡಿಗೆ ವರ್ಷಗಟ್ಟಲೆ ಬೇಕರಿಯಲ್ಲಿ ದುಡಿದರು. ಮುಂದೆ ಬೆಂಜಮಿನ್ ಪಲೆನ್ಸಿಯಾ ಎಂಬ ಚಿತ್ರಕಾರ ಗೆಳೆಯನ ಜೊತೆ ಮ್ಯಾಡ್ರಿಡ್‌ನ ಅತೋಚಾ ಎಂಬ ಜಾಗದಿಂದ ನಡೆದುಕೊಂಡೇ ಊರಾಚೆಯ ವಯೇಕಾಸ್‌ನ ಬಯಲಿಗೆ ಹೋಗುತ್ತಿದ್ದರು. ಪ್ಯಾರಿಸ್‌ನಿಂದ ಹೊಸ ಕಲೆ ಬರಲಿ ಅಂತ ಕಾಯದೆ, ಆ ಒಣ ಮಣ್ಣು, ಕಲ್ಲು, ಗುಡ್ಡಗಳಲ್ಲೇ ಹುಡುಕಿದರು. ನನಗೆ ಅವರಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಇದೇ.

1938ರಲ್ಲಿ ಅವರು ಮಾಸ್ಕೋಗೆ ಹೋದರು. ಸ್ಪೇನಿನ ಅಂತರ್ಯುದ್ಧದಿಂದ ಪಾರಾಗಿ ಬಂದಿದ್ದ ಮಕ್ಕಳಿಗೆ ಚಿತ್ರ ಕಲಿಸುವ ಕೆಲಸ. ಆ ಯುದ್ಧವನ್ನು ಸೇನಾಧಿಕಾರಿ ಫ್ರಾಂಕೊ ಗೆದ್ದ ಮೇಲೆ ಊರಿನ ದಾರಿ ಮುಚ್ಚಿತು. ಸ್ಟಾಲಿನ್ ಕಾಲದ ರಷ್ಯಾದಲ್ಲಿ ಅವರ ಬಗೆಯ ಶಿಲ್ಪಕ್ಕೆ ಜಾಗವಿರಲಿಲ್ಲ. ರಂಗಸಜ್ಜಿಕೆ ಮಾಡಿ ಬದುಕಿದರು. ಸೋವಿಯತ್ ನಿರ್ದೇಶಕ ಕೊಜಿಂತ್ಸೆವ್ ಅವರ 1957ರ ಡಾನ್ ಕ್ವಿಕ್ಸೋಟ್ ಸಿನಿಮಾಕ್ಕೂ ದುಡಿದರು. ಕೊನೆಯ ವರ್ಷಗಳಲ್ಲಿ ಮತ್ತೆ ಶಿಲ್ಪಕ್ಕೆ ಮರಳಿದರು. 1962ರಲ್ಲಿ ಮಾಸ್ಕೋದಲ್ಲೇ ತೀರಿಕೊಂಡರು.

2001ರಲ್ಲಿ ಮ್ಯಾಡ್ರಿಡ್‌ನ ರೈನಾ ಸೋಫಿಯಾ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ನಡೆಸಿತು. ಕಳೆದುಹೋದ ಶಿಲ್ಪದ ಪೂರ್ತಿ ಎತ್ತರದ ಪ್ರತಿಕೃತಿಯನ್ನು ಮ್ಯೂಸಿಯಂ ಮುಂದೆ ನಿಲ್ಲಿಸಿತು. ಅದೂ ಎಲ್ಲಿ, ಅವರು ನಡಿಗೆ ಶುರು ಮಾಡುತ್ತಿದ್ದ ಅದೇ ಅತೋಚಾದ ಪಕ್ಕ! ಪ್ರತಿಕೃತಿ ಮೂಲವಾಗುವುದಿಲ್ಲ, ನಿಜ. ಆದರೂ ಇದನ್ನು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಬರೀ ಹಳೆಯ ಫೋಟೋ ತೋರಿಸಿದ್ದರೆ ಆ ಎತ್ತರ ಯಾರ ಮನಸ್ಸಿಗೂ ನಾಟುತ್ತಿರಲಿಲ್ಲ.

ನನ್ನ ತಕರಾರು ಬೇರೆ. ಇಂಥ ಕಲಾವಿದರ ಬಗ್ಗೆ ಮಾತಾಡುವಾಗ 1937ಕ್ಕೇ ಕಥೆ ನಿಲ್ಲಿಸಿಬಿಡುತ್ತೇವೆ. ಮಾಸ್ಕೋದ ಇಪ್ಪತ್ತನಾಲ್ಕು ವರ್ಷ 'ಆಮೇಲೆ ಗಡಿಪಾರಿನಲ್ಲಿ ತೀರಿಕೊಂಡರು' ಅನ್ನುವ ಒಂದು ಸಾಲಿನಲ್ಲಿ ಮುಗಿಯುತ್ತದೆ. ಇದು ಅನ್ಯಾಯ ಅಲ್ವಾ? ಆ ರಂಗಸಜ್ಜಿಕೆಗಳೂ ಅವರ ಕೈಕೆಲಸವೇ. ಪ್ಯಾರಿಸ್‌ನ ಶಿಲ್ಪಕ್ಕೆ ಕೊಡುವಷ್ಟೇ ಜಾಗ ಅವಕ್ಕೂ ಸಿಗಬೇಕು.

ಮ್ಯಾಡ್ರಿಡ್‌ಗೆ ಹೋಗುವವರು ಗೆರ್ನಿಕಾ ನೋಡಲು ಹೇಗೂ ಇದೇ ರೈನಾ ಸೋಫಿಯಾ ಮ್ಯೂಸಿಯಂಗೆ ಹೋಗುತ್ತೀರಿ. ಒಳಗೆ ಹೋಗುವ ಮೊದಲು ಹೊರಗಿನ ಶಿಲ್ಪದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅದಕ್ಕೆ ಟಿಕೆಟ್ಟೂ ಬೇಡ.