ಈ ಹನಿ ಯಾರ ಲಿಮಿಟ್ಸಿಗೆ ಬರುತ್ತೆ ಸಾರ್?

ಬೆಂಗಳೂರಿನ ರಸ್ತೆಯಲ್ಲಿ ನೀರು ನಿಂತರೆ ಮೊದಲು ಬೇಕಾಗುವುದು ಪಂಪಲ್ಲ, ಮೂಗು. ಅದೂ ಸ್ವಲ್ಪ ಸರ್ವೀಸ್ ಆಗಿರುವ ಮೂಗು. ಬಗ್ಗಿ ಮೂಸಿ ನೋಡಬೇಕು. ವಾಸನೆ ಬಂದರೆ ಕೊಳಚೆ, ಅಂದರೆ ಜಲಮಂಡಳಿಯದು. ಬರದಿದ್ದರೆ ಮಳೆನೀರು, ಅಂದರೆ ಪಾಲಿಕೆಯದು. ಅರ್ಧಂಬರ್ಧ ವಾಸನೆ ಬಂದರೆ ಮಾತ್ರ ಕಷ್ಟ. ಆಗ ಜಂಟಿ ಸ್ಥಳ ಪರಿಶೀಲನೆ ಆಗಬೇಕು. ಇಬ್ಬರೂ ಬಂದು ಸೇರುವಷ್ಟರಲ್ಲಿ ಕಾದು ಬೇಜಾರಾದ ನೀರು ಯಾರದೋ ಬೇಸ್‌ಮೆಂಟಿಗೆ ಇಳಿದು ಮಲಗಿರುತ್ತದೆ.

ಮೂಗು ನನ್ನ ಕಲ್ಪನೆ, ಪಾಲು ಮಾತ್ರ ನಿಜ. 1964ರ ಕಾಯ್ದೆಯಿಂದ ಹುಟ್ಟಿದ ಜಲಮಂಡಳಿಗೆ ಕುಡಿಯುವ ನೀರು ಮತ್ತು ಒಳಚರಂಡಿ. ಮಳೆನೀರು ಹರಿಯುವ ಮೋರಿ, ರಾಜಕಾಲುವೆ ಪಾಲಿಕೆಗೆ. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡ ಹಾಗೆ ಎಷ್ಟು ಚೆಂದ ಹಂಚಿಕೊಂಡಿದ್ದಾರೆ, ಅಲ್ವಾ? ಪಾಲುಪಟ್ಟಿಗೆ ನೀರಿನ ಸಹಿ ಹಾಕಿಸಿಕೊಳ್ಳುವುದೊಂದು ಮರೆತುಹೋಗಿದೆ.

ಸುಮ್ನೆ ಒಂದು ಹನಿಯ ಹಿಂದೆ ಹೋಗಿ ನೋಡೋಣ. ಮೆಜೆಸ್ಟಿಕ್ ಹತ್ತಿರ ಒಂದು ತಾರಸಿ ಮೇಲೆ ಬಿತ್ತು ಅಂದುಕೊಳ್ಳಿ. ತಾರಸಿ ಮೇಲೆ ಇರುವಷ್ಟು ಹೊತ್ತು ಅದಕ್ಕೆ ಭಾರಿ ಮರ್ಯಾದೆ. 2009ರಲ್ಲೇ ಮಳೆನೀರು ಕೊಯ್ಲು ಕಡ್ಡಾಯವಾಗಿದೆ. ಹಿಡಿದಿಡದ ಮನೆಗೆ ದಂಡ ಉಂಟು. ಅದೇ ಹನಿ ಪೈಪಿನಲ್ಲಿ ಜಾರಿ ರಸ್ತೆಗೆ ಬಿತ್ತೋ, ಅನಾಥ. ಗಲ್ಲಿಯಾದರೆ ವಾರ್ಡ್ ಎಂಜಿನಿಯರ್ ನೋಡಬೇಕು. ದೊಡ್ಡ ರಸ್ತೆಯಾದರೆ ಅದಕ್ಕೆ ಬೇರೆ ವಿಭಾಗ. ಮೇಲೆ ಮೆಟ್ರೊ ಕಂಬ ಇದ್ದರೆ ಎಲ್ಲರೂ ಒಂದು ಸಲ ಕಂಬದ ಕಡೆ ಕೈ ತೋರಿಸುವುದು ವಾಡಿಕೆ. ರಾಜಕಾಲುವೆಗೆ ಬಿದ್ದರೆ ಬೃಹತ್ ನೀರುಗಾಲುವೆ ವಿಭಾಗ. ಕಾಲುವೆಯೇ ಕಾಣುತ್ತಿಲ್ಲ ಅಂದರೆ ಸರ್ವೆಯರ್, ತಹಶೀಲ್ದಾರ್. ನೊರೆ ಬಂದರೆ ಮಾಲಿನ್ಯ ನಿಯಂತ್ರಣ ಮಂಡಳಿ. ಗಾಡಿಗಳು ನಿಂತರೆ, ಪಾಪ, ಟ್ರಾಫಿಕ್ ಪೊಲೀಸರು. ಪ್ಯಾಂಟ್ ಮಡಚಿ ನೀರಿನಲ್ಲಿ ನಿಂತು ಕಸ ಕೆದಕುವವರು ಅವರೊಬ್ಬರೇ.

2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ನೀರಿನಲ್ಲಿ ಕಾರು ಸಿಕ್ಕಿಕೊಂಡು ಒಬ್ಬ ಯುವತಿ ತೀರಿಕೊಂಡರು. ಅದರ ಬಗ್ಗೆ ನನಗೆ ತಮಾಷೆ ಬರೆಯಲು ಆಗುವುದಿಲ್ಲ.

ಹನಿಯ ವಿಷಯಕ್ಕೆ ಬರೋಣ. ಇಷ್ಟು ಜನ ಸಾಲದು ಅಂತ 2025ರ ಸೆಪ್ಟೆಂಬರ್ 2ರಿಂದ ಇದ್ದ ಒಂದು ಪಾಲಿಕೆ ಐದಾಯಿತು, ಅವುಗಳ ತಲೆ ಮೇಲೆ ಒಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಮೆಜೆಸ್ಟಿಕ್ ಹನಿ ಹುಟ್ಟುವುದು ಕೇಂದ್ರ ಪಾಲಿಕೆಯಲ್ಲಿ. ಇಳಿಜಾರು ಹಿಡಿದು ಅದು ಸೇರಬೇಕಾದ ಬೆಳ್ಳಂದೂರು ಕೆರೆ ಇರುವುದು ಪೂರ್ವ ಪಾಲಿಕೆಯಲ್ಲಿ. ಇನ್ನು ಮುಂದೆ ಗಡಿಯಲ್ಲಿ ನಿಲ್ಲಿಸಿ 'ಎಲ್ಲಪ್ಪ ನಿನ್ನ ಟಿ.ಸಿ.?' ಅಂತ ಕೇಳಿದರೂ ಆಶ್ಚರ್ಯವಿಲ್ಲ.

ಈ ರಾಜಕಾಲುವೆ ಅನ್ನುವ ಹೆಸರೇ ಒಂದು ತಮಾಷೆ. ರಾಜ ಹೋಗಿ ಎಷ್ಟೋ ಕಾಲವಾಯಿತು. ಎಷ್ಟೋ ಕಡೆ ಕಾಲುವೆಯೂ ಹೋಯಿತು. ಹಳೇ ಸರ್ವೆ ನಕ್ಷೆಯಲ್ಲಿ ಮಾತ್ರ ಇಬ್ಬರೂ ಆರೋಗ್ಯವಾಗಿದ್ದಾರೆ. ಉಳಿದಿರುವುದು ಲೆಕ್ಕಕ್ಕೆ 800 ಕಿಲೋಮೀಟರಿಗೂ ಜಾಸ್ತಿ. ಅದರೊಳಗೆ ಇಳಿದು ನೋಡಿದರೆ ಎಷ್ಟೋ ಕಡೆ ನಡುಮಧ್ಯೆ ಒಳಚರಂಡಿಯ ಮ್ಯಾನ್‌ಹೋಲ್ ಗುಡಿ ಗೋಪುರದ ಹಾಗೆ ಎದ್ದು ನಿಂತಿರುತ್ತದೆ. ಪಾಲಿಕೆಯ ಕಾಲುವೆಯಲ್ಲಿ ಮಂಡಳಿಯ ಪೈಪು ಬಾಡಿಗೆಗಿದೆ. ಮಳೆ ಬಂದಾಗ ಜನ ಮ್ಯಾನ್‌ಹೋಲ್ ಮುಚ್ಚಳ ತೆಗೆದು ರಸ್ತೆ ನೀರನ್ನು ಒಳಕ್ಕೆ ಬಿಡುತ್ತಾರೆ. ಪೈಪು ತುಂಬಿ ಕೊಳಚೆ ಕಾಲುವೆಗೆ ಉಕ್ಕುತ್ತದೆ. ಈಗ ಬನ್ನಿ, ಯಾವ ಮೂಗು ತೀರ್ಮಾನ ಮಾಡುತ್ತದೋ ಮಾಡಲಿ.

ಇನ್ನು ಹೂಳು. ಬೆಂಗಳೂರಿನ ಹೂಳಿನಷ್ಟು ತವರಿನ ಮೇಲೆ ಪ್ರೀತಿ ಇರುವ ವಸ್ತು ಇನ್ನೊಂದಿಲ್ಲ. ಮಳೆಗಾಲ ಹತ್ತಿರ ಬಂತು ಅಂತ ಟೆಂಡರ್ ಆಗುತ್ತದೆ. ಜೆಸಿಬಿ ಬರುತ್ತದೆ. ಹೂಳನ್ನು ಎತ್ತಿ ಕಾಲುವೆಯ ದಂಡೆ ಮೇಲೆ, ಸರಿಯಾಗಿ ಎರಡಡಿ ದೂರದಲ್ಲಿ, ಗುಡ್ಡೆ ಹಾಕುತ್ತಾರೆ. ಒಣಗಲಿ, ಆಮೇಲೆ ಸಾಗಿಸೋಣ ಅಂತ. ಆ 'ಆಮೇಲೆ' ಬರುವ ಮೊದಲು ಮಳೆ ಬರುತ್ತದೆ. ಹೂಳು ಕೈಕಾಲು ತೊಳೆದುಕೊಂಡು ವಾಪಸ್ ಮನೆಗೆ ಹೋಗುತ್ತದೆ. ಮುಂದಿನ ವರ್ಷ ಅದೇ ಹೂಳು, ಅದೇ ದಂಡೆ, ಹೊಸ ಬಿಲ್ಲು. ಒಂದು ಬುಟ್ಟಿ ಮಣ್ಣಿಗೆ ಇಷ್ಟು ಸಲ ದುಡ್ಡು ಬರುತ್ತದೆ ಅಂತ ಗೊತ್ತಿದ್ದರೆ ನಮ್ಮಜ್ಜ ಹೊಲದಲ್ಲಿ ರಾಗಿ ಬಿಟ್ಟು ಹೂಳನ್ನೇ ಬೆಳೆಯುತ್ತಿದ್ದರು.

ಅಜ್ಜನ ಕಾಲದಲ್ಲಿ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಊರವರು ಅಳೆದು ಕೊಡುವ ಕಾಳೇ ಸಂಬಳ. ತೂಬು ಯಾವಾಗ ಎತ್ತಬೇಕು, ಕೋಡಿ ಬಿದ್ದ ನೀರು ಕೆಳಗಿನ ಯಾವ ಕೆರೆಗೆ ಹೋಗಬೇಕು, ಎಲ್ಲ ಅವನಿಗೆ ಗೊತ್ತು. ಅವನ ಲಿಮಿಟ್ಸು ನೀರು ಹೋದಷ್ಟು ದೂರ. ಅವನ ಹತ್ತಿರ ಆ್ಯಪ್ ಇರಲಿಲ್ಲ. ಪಾಪ, ಹಿಂದುಳಿದವನು.

ನೀರಿಗೆ ಮಾತ್ರ ಹಳೇ ವಿಳಾಸ ಮರೆತಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಾಗಿತ್ತು. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ಜೋರು ಮಳೆ ಬಂದರೆ ನೀರು ತನ್ನ ತಗ್ಗನ್ನು ಹುಡುಕಿಕೊಂಡು ಬರುತ್ತದೆ. ನಾವು ಅದಕ್ಕೆ ಪ್ರವಾಹ ಅನ್ನುತ್ತೇವೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕಡೆ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ದೇಶವೆಲ್ಲ ನಕ್ಕಿತು. ಗದ್ದೆ ಇದ್ದ ಜಾಗಕ್ಕೆ ಟ್ರ್ಯಾಕ್ಟರ್ ಬಂದರೆ ನಗುವುದೇನಿದೆ? ಅಲ್ಲಿ ಹೊಸಬರು ಯಾರು ಅಂತ ಟ್ರ್ಯಾಕ್ಟರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಹನಿ ಇಷ್ಟನ್ನೂ ದಾಟಿ ಬೆಳ್ಳಂದೂರಿಗೆ ಬಂತು ಅಂದುಕೊಳ್ಳಿ. ಅದು ಬೆಂಕಿ ಹತ್ತಿಕೊಂಡು ಹೆಸರು ಮಾಡಿದ ಕೆರೆ. ಕೆರೆಗೆ ಬೆಂಕಿ ಬಿದ್ದರೆ ಯಾವ ಇಲಾಖೆಗೆ ಫೋನ್ ಮಾಡಬೇಕು ಅನ್ನುವ ಪ್ರಶ್ನೆ ಯಾವ ಕೆಎಎಸ್ ಪರೀಕ್ಷೆಯಲ್ಲೂ ಬಂದಿರಲಾರದು. 2018ರ ಜನವರಿಯಲ್ಲಿ ಅಲ್ಲಿನ ಬೆಂಕಿ ಆರಿಸಲು ಸೇನೆಯ ಜವಾನರು ಬರಬೇಕಾಯಿತು. ಅಂದರೆ ರಕ್ಷಣಾ ಇಲಾಖೆಯೂ ಪಟ್ಟಿಗೆ ಸೇರಿತು.

ಇಷ್ಟಾದರೂ ಹನಿಯ ಕಥೆ ಸುಖಾಂತ್ಯ. ತಾರಸಿಯಿಂದ ಇಳಿದಾಗ ಶುದ್ಧವಾಗಿತ್ತು, ಯಾರಿಗೂ ಬೇಡವಾಗಿತ್ತು. ದಾರಿಯಲ್ಲಿ ಕೊಳಚೆ ಜೊತೆ ಸೇರಿ ಕೆಟ್ಟಿತು. ಕೆಟ್ಟ ಮೇಲೆ ಅದೃಷ್ಟ ಖುಲಾಯಿಸಿತು. ಬೆಳ್ಳಂದೂರು ಇರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಜಲಮಂಡಳಿ ಸಂಸ್ಕರಿಸುತ್ತದೆ. ಆ ನೀರನ್ನು ಸಣ್ಣ ನೀರಾವರಿ ಇಲಾಖೆ 2018ರಿಂದ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ಹರಿಸುತ್ತಿದೆ. ಕೊನೆಗೂ ಹನಿಯನ್ನು 'ಇದು ನಮ್ದೇ ಸಾರ್' ಅನ್ನುವ ಒಂದು ಇಲಾಖೆ ಸಿಕ್ಕಿತು. ಮೆಜೆಸ್ಟಿಕ್‌ನಿಂದ ಕೋಲಾರಕ್ಕೆ ಬಸ್ಸಿನಲ್ಲಾದರೆ ಎರಡು ಗಂಟೆ ದಾರಿ, ಮಳೆ ಇಲ್ಲದಿದ್ದರೆ.