ಹರ್‌-2 ‘2+’ ಎಂದು ಬಂದ ರಿಪೋರ್ಟು ಮುಗಿದ ರಿಪೋರ್ಟಲ್ಲ

ಸ್ತನ ಕ್ಯಾನ್ಸರಿನ ಬಯಾಪ್ಸಿ ರಿಪೋರ್ಟಿನ ಕೊನೆಗೆ ಎಷ್ಟೋ ಸಲ ‘ಹರ್‌-2: 2+, ಫಿಶ್ ಮಾಡಿಸಲು ಸೂಚಿಸಲಾಗಿದೆ’ ಎಂಬ ಒಂದು ಸಾಲು ಇರುತ್ತದೆ. (ಹರ್‌-2 ಎಂದರೆ ಕೋಶವನ್ನು ಬೆಳೆಯಲು ತಳ್ಳುವ ಒಂದು ಜೀನು, ಫಿಶ್ ಎಂದರೆ ಅದರ ಪ್ರತಿಗಳನ್ನು ಎಣಿಸುವ ಟೆಸ್ಟು.) ಆ ಸಾಲನ್ನು ಬಿಟ್ಟೇ ಕೀಮೋ ಶುರುವಾಗಿರುತ್ತದೆ. ಕೇಳಿದರೆ ಎರಡು ಉತ್ತರ ಬರುತ್ತವೆ. ಒಂದು, ‘ಇನ್ನೊಂದು ಟೆಸ್ಟಿಗೆ ಇನ್ನಷ್ಟು ದುಡ್ಡು ಎಲ್ಲಿಂದ ತರೋದು’. ಇನ್ನೊಂದು, ‘ಜೀನ್ ಟೆಸ್ಟ್ ಮಾಡಿಸಿದ್ದೀವಿ, ಮ್ಯುಟೇಶನ್ ಏನೂ ಇಲ್ಲ ಅಂತ ಬಂದಿದೆ’. ಮೊದಲನೆಯದು ನಿಜವಾದ ಕಷ್ಟ, ಅದರ ಬಗ್ಗೆ ಯಾರನ್ನೂ ದೂರುವ ಹಾಗಿಲ್ಲ. ಎರಡನೆಯದು ತಪ್ಪು ತಿಳಿವಳಿಕೆ. ಅದು ರೋಗಿಯ ಮನೆಯವರಲ್ಲಿ ಮಾತ್ರವಲ್ಲ, ಕೆಲವು ವೈದ್ಯರಲ್ಲೂ ಇದೆ. ಈ ಬರಹ ಅದರ ಬಗ್ಗೆ.

ಮ್ಯುಟೇಶನ್, ಅಂದರೆ ಜೀನಿನ ಅಕ್ಷರ ತಪ್ಪುವುದು, ಬೇರೆ; ಜೀನಿನ ಪ್ರತಿಗಳ ಸಂಖ್ಯೆಯ ಏರುಪೇರು ಬೇರೆ. ಪಹಣಿಯ ಕಡತದಲ್ಲಿ ಸರ್ವೆ ನಂಬರಿನ ಒಂದಂಕಿ ತಪ್ಪಾಗುವುದು ಒಂದು ಬಗೆ. ಪುಟವೇ ಕಾಣೆಯಾಗುವುದು, ಇಲ್ಲವೇ ಒಂದೇ ಪುಟ ಇಪ್ಪತ್ತು ಸಲ ನಕಲಾಗಿ ಕಡತದೊಳಗೆ ಸೇರಿಕೊಳ್ಳುವುದು ಇನ್ನೊಂದು ಬಗೆ. ಅಕ್ಷರ ಅಕ್ಷರ ಓದುತ್ತ ಹೋದವರಿಗೆ ಮೊದಲನೆಯದು ಸಿಗುತ್ತದೆ. ಪುಟ ಎಣಿಸದಿದ್ದರೆ ಎರಡನೆಯದು ಸಿಗುವುದಿಲ್ಲ, ಯಾಕೆಂದರೆ ಆ ಇಪ್ಪತ್ತು ಪುಟಗಳಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ.

ಹರ್‌-2 ಜೀನಿನ ವಿಷಯ ಇದೇ. ಅದು 17ನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿದೆ. ಆರೋಗ್ಯವಂತ ಜೀವಕೋಶದಲ್ಲಿ ತಾಯಿಯಿಂದ ಬಂದದ್ದೊಂದು, ತಂದೆಯಿಂದ ಬಂದದ್ದೊಂದು, ಒಟ್ಟು 2 ಪ್ರತಿ. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 15ರಿಂದ 20ರಲ್ಲಿ ಈ ಜೀನು ಹತ್ತಾರು ಪ್ರತಿಯಾಗಿ ಬೆಳೆದಿರುತ್ತದೆ. ಪ್ರತಿ ಹೆಚ್ಚಾದಷ್ಟೂ ಪ್ರೋಟೀನು ಹೆಚ್ಚು. ಈ ಪ್ರೋಟೀನು ಹೊರಗಿನ ಸಂಕೇತ ಹಿಡಿಯುವ ಗ್ರಾಹಕ. ಕೆಲವು ಹತ್ತು ಸಾವಿರ ಗ್ರಾಹಕಗಳಿರಬೇಕಾದ ಕೋಶದ ಹೊರಪೊರೆಯಲ್ಲಿ ಇಪ್ಪತ್ತು ಲಕ್ಷದವರೆಗೂ ಕಿಕ್ಕಿರಿಯುತ್ತವೆ. ಅಷ್ಟು ದಟ್ಟವಾದಾಗ ಅವು ಹೊರಗಿನ ಸಂಕೇತಕ್ಕೆ ಕಾಯದೆ ಒಂದಕ್ಕೊಂದು ಜೋಡಿಯಾಗುತ್ತವೆ. ‘ವಿಭಜಿಸು, ಸಾಯಬೇಡ’ ಎಂಬ ಆದೇಶ ಒಳಗೆ ನಿಲ್ಲದೆ ಹೋಗುತ್ತಿರುತ್ತದೆ. ಜೀನಿನ ಅಕ್ಷರಗಳು ಮಾತ್ರ ಅಚ್ಚುಕಟ್ಟಾಗಿ ಸರಿಯಾಗಿರುತ್ತವೆ. ಈ ಏರಿಕೆ ಇರುವ ರೋಗಿಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ಡೆನ್ನಿಸ್ ಸ್ಲೇಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಆ ಗ್ರಾಹಕಕ್ಕೇ ಅಂಟಿಕೊಳ್ಳುವ ಔಷಧಿ ಟ್ರಾಸ್ಟುಜುಮಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಪ್ರತಿ ಹೆಚ್ಚುವುದು ಹೇಗೆ? ಕ್ರೋಮೋಸೋಮು ತುಂಡಾಗಿ, ತುಂಡಾದ ತುದಿಗಳು ಒಂದಕ್ಕೊಂದು ಬೆಸೆದು, ಕೋಶ ವಿಭಜನೆಯಾಗುವಾಗ ಮತ್ತೆ ಹರಿದು, ಹೀಗೆ ಸುತ್ತು ಸುತ್ತಾಗಿ ಒಂದು ಭಾಗ ಬೆಳೆಯುತ್ತದೆ. ಕೆಲವು ಸಲ ಆ ತುಂಡು ಕ್ರೋಮೋಸೋಮಿನಿಂದಲೇ ಕಳಚಿ ಪುಟ್ಟ ಉಂಗುರವಾಗುತ್ತದೆ. ಉಂಗುರಕ್ಕೆ ಸೆಂಟ್ರೋಮಿಯರ್ (ವಿಭಜನೆಯಾಗುವಾಗ ಕ್ರೋಮೋಸೋಮನ್ನು ಎಳೆದೊಯ್ಯಲು ಹಿಡಿಯುವ ಜಾಗ) ಇಲ್ಲ, ಆದ್ದರಿಂದ ಎರಡು ಮರಿಕೋಶಗಳಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಒಂದಕ್ಕೆ ಐದು, ಇನ್ನೊಂದಕ್ಕೆ ಮೂವತ್ತು ಹೋಗಬಹುದು. ಮೂವತ್ತು ಸಿಕ್ಕ ಕೋಶ ಬೇಗ ಬೆಳೆದು ಗೆಡ್ಡೆಯನ್ನು ಆವರಿಸಿಕೊಳ್ಳುತ್ತದೆ. ಮಕ್ಕಳ ನರಕೋಶದ ಕ್ಯಾನ್ಸರಾದ ನ್ಯೂರೋಬ್ಲಾಸ್ಟೋಮಾದಲ್ಲಿ ಮಿಕ್‌-ಎನ್ ಜೀನು ಹೀಗೆ ಬೆಳೆದಿದೆಯೇ ಎಂದು ನೋಡದೆ ಚಿಕಿತ್ಸೆಯ ತೀವ್ರತೆಯನ್ನು ನಿರ್ಧರಿಸುವುದಿಲ್ಲ.

ಪ್ರತಿ ಕಡಿಮೆಯಾಗುವುದೂ ಇಷ್ಟೇ ಅಪಾಯಕಾರಿ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳ ಒಂದು ಪ್ರತಿ ಕೆಟ್ಟರೆ ಇನ್ನೊಂದು ಸಾಮಾನ್ಯವಾಗಿ ಕೆಲಸ ನಿಭಾಯಿಸುತ್ತದೆ, ಕೋಶ ದಾರಿ ತಪ್ಪಲು ಎರಡೂ ಹೋಗಬೇಕು. ಮಕ್ಕಳ ಕಣ್ಣಿನ ರೆಟಿನೋಬ್ಲಾಸ್ಟೋಮಾದ 48 ಪ್ರಕರಣಗಳನ್ನಿಟ್ಟುಕೊಂಡು ಆಲ್ಫ್ರೆಡ್ ನಡ್ಸನ್ 1971ರಲ್ಲಿ ಹೇಳಿದ್ದು ಇದನ್ನೇ. ಮೊದಲ ಪೆಟ್ಟು ಹಲವು ಸಲ ಮ್ಯುಟೇಶನ್, ಎರಡನೆಯದು ಬಹಳ ಸಲ ಆ ತುಂಡೇ ಹಾರಿಹೋಗುವುದು. ಕಡಿವಾಣ ಹಾಕುವ ಇನ್ನೊಂದು ಜೀನಾದ ಟಿಪಿ53ರಲ್ಲಿ ಈ ಜೋಡಿ ತೀರ ಸಾಮಾನ್ಯ: ಒಂದು ಪ್ರತಿಯಲ್ಲಿ ಅಕ್ಷರ ತಪ್ಪು, ಇನ್ನೊಂದು ಪ್ರತಿ ಇಲ್ಲವೇ ಇಲ್ಲ. ಇನ್ನೂ ಸೂಕ್ಷ್ಮವಾದದ್ದೊಂದಿದೆ. ಒಳ್ಳೆಯ ಪ್ರತಿ ಹೋಗಿ, ಕೆಟ್ಟ ಪ್ರತಿಯೇ ನಕಲಾಗಿ ಆ ಜಾಗ ತುಂಬಿರುತ್ತದೆ. ಎಣಿಸಿದರೆ ಲೆಕ್ಕ 2 ಸರಿಯಾಗಿಯೇ ಬರುತ್ತದೆ, ಆದರೆ ಎರಡೂ ಕೆಟ್ಟವು. ಬರೀ ಸಂಖ್ಯೆ ನೋಡುವ ಟೆಸ್ಟಿಗೆ ಇದು ಕಾಣಿಸುವುದಿಲ್ಲ.

ಹಾಗಾಗಿ ‘ಕ್ಯಾನ್ಸರ್ ಎಂದರೆ ಮ್ಯುಟೇಶನ್’ ಎಂದು ಚುಟುಕಾಗಿ ಹೇಳುವುದನ್ನು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಕಡೆಯ ಬಾಯಿ ಕ್ಯಾನ್ಸರನ್ನೇ ನೋಡಿ. ತಂಬಾಕು, ಅಡಿಕೆ ಒತ್ತರಿಸಿಟ್ಟುಕೊಳ್ಳುವ ಕೆನ್ನೆ-ಒಸಡಿನ ಸಂದಿಯ ಗೆಡ್ಡೆಗಳ ಡಿಎನ್‌ಎಯನ್ನು ಭಾರತದ ವಿಜ್ಞಾನಿಗಳೇ ಓದಿ 2013ರಲ್ಲಿ ಪ್ರಕಟಿಸಿದರು. ಟಿಪಿ53, ಕ್ಯಾಸ್ಪ್8, ಎಫ್‌ಎಟಿ1, ನಾಚ್1, ಎಚ್‌-ರಾಸ್ ಜೀನುಗಳಲ್ಲಿ ಮ್ಯುಟೇಶನ್ ಸಿಕ್ಕವು. ಬಾಯಿ ಕ್ಯಾನ್ಸರಿನಲ್ಲಿ ಇದರ ಜೊತೆಗೇ 11ನೇ ಕ್ರೋಮೋಸೋಮಿನ ಒಂದು ಭಾಗ ಮತ್ತೆ ಮತ್ತೆ ಬೆಳೆದಿರುತ್ತದೆ. ಕೋಶವನ್ನು ವಿಭಜನೆಗೆ ತಳ್ಳುವ ಸೈಕ್ಲಿನ್‌ ಡಿ1 ಜೀನು ಇರುವುದು ಅಲ್ಲಿಯೇ. (ಅಡಿಕೆ ನಮ್ಮ ಮಲೆನಾಡು, ಕರಾವಳಿಯ ಅನ್ನ, ಆದರೂ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರುಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೇ ಗುಂಪಿಗೆ ಸೇರಿಸಿದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.)

ಈಗ ಹರ್‌-2 ಟೆಸ್ಟಿಗೆ ಬರೋಣ. ಮೊದಲ ಹಂತ ಐಎಚ್‌ಸಿ. ಸ್ಲೈಡಿಗೆ ಬಣ್ಣ ಹಾಕಿ ಹೊರಪೊರೆಯಲ್ಲಿ ಪ್ರೋಟೀನು ಎಷ್ಟಿದೆ ಎಂದು ನೋಡುವುದು. ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳ ಸುತ್ತ ಪೂರ್ತಿಯಾಗಿ, ಗಾಢವಾಗಿ ಕಂದು ಬಣ್ಣ ಹಿಡಿದಿದ್ದರೆ 3+, ಅಂದರೆ ಪಾಸಿಟಿವ್. ಅಷ್ಟೇ ಕೋಶಗಳ ಸುತ್ತ ಪೂರ್ತಿ ಹಿಡಿದಿದೆ, ಆದರೆ ಮಂದವೋ ಮಧ್ಯಮವೋ ಆಗಿದೆ ಎಂದರೆ 2+. ಇದು ‘ಸ್ವಲ್ಪ ಪಾಸಿಟಿವ್’ ಅಲ್ಲ, ‘ಇದರಲ್ಲಿ ಗೊತ್ತಾಗಲಿಲ್ಲ, ಜೀನನ್ನೇ ಎಣಿಸಿ’ ಎಂದರ್ಥ.

ಎಣಿಸುವ ಕೆಲಸ ಫಿಶ್‌ನದು. ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನಲ್ಲಿ ನ್ಯೂಕ್ಲಿಯಸ್ ನೀಲಿಯಾಗಿ ಹೊಳೆಯುತ್ತದೆ. ಒಳಗೆ ಹರ್‌-2 ಜೀನು ಕೆಂಪು-ಕಿತ್ತಳೆ ಚುಕ್ಕೆ, 17ನೇ ಕ್ರೋಮೋಸೋಮಿನ ಸೆಂಟ್ರೋಮಿಯರ್ ಹಸಿರು ಚುಕ್ಕೆ. ಒಂದರ ಮೇಲೊಂದು ಬಿದ್ದ ನ್ಯೂಕ್ಲಿಯಸ್‌ಗಳನ್ನು ಬಿಟ್ಟು, ಅಂಚು ಸ್ಪಷ್ಟವಿರುವ, ಹೊರಗೆ ಹರಡಿದ ಕ್ಯಾನ್ಸರಿನ ಕನಿಷ್ಠ 20 ಕೋಶಗಳನ್ನು ಎಣಿಸಬೇಕು. ಹಾಲಿನ ನಾಳದೊಳಗೇ ಉಳಿದ ಕ್ಯಾನ್ಸರನ್ನು ಎಣಿಸಿದರೆ ಉತ್ತರವೇ ಬದಲಾಗಬಹುದು.

ಲೆಕ್ಕ ಹೀಗೆ. 20 ಕೋಶಗಳಲ್ಲಿ ಕೆಂಪು 118, ಹಸಿರು 46 ಎಂದುಕೊಳ್ಳಿ. ಅನುಪಾತ 2.57, ಕೋಶಕ್ಕೆ ಸರಾಸರಿ ಕೆಂಪು 5.9. ಅನುಪಾತ 2.0 ಅಥವಾ ಹೆಚ್ಚು, ಸರಾಸರಿ 4.0 ಅಥವಾ ಹೆಚ್ಚು: ಎರಡೂ ಇರುವುದರಿಂದ ಪಾಸಿಟಿವ್. ಇನ್ನೊಂದು ಸ್ಲೈಡಿನಲ್ಲಿ ಕೆಂಪು 66, ಹಸಿರು 31. ಅನುಪಾತ 2.13 ಬರುತ್ತದೆ, ಸರಾಸರಿ ಬರೀ 3.3. ಇಲ್ಲಿ ಹರ್‌-2 ಬೆಳೆದಿಲ್ಲ, ಹಸಿರು ಕಡಿಮೆಯಾಗಿದೆ. ಅನುಪಾತವನ್ನೊಂದೇ ನೋಡಿದವರು ಇದನ್ನು ಪಾಸಿಟಿವ್ ಎಂದುಬಿಡುತ್ತಾರೆ. ಇಂಥ ಕಡೆ, ಅಥವಾ ಅನುಪಾತ 2ಕ್ಕಿಂತ ಕಡಿಮೆ ಇದ್ದು ಸರಾಸರಿ 4 ದಾಟಿದ ಕಡೆ, ಮೊದಲಿನ ಲೆಕ್ಕ ಗೊತ್ತಿಲ್ಲದ ಇನ್ನೊಬ್ಬರು ಮತ್ತೆ ಕನಿಷ್ಠ 20 ಕೋಶ ಎಣಿಸಿ, ಐಎಚ್‌ಸಿ ಸ್ಲೈಡಿನ ಜೊತೆ ಇಟ್ಟು ತೀರ್ಮಾನಿಸಬೇಕು ಎಂಬುದು 2018ರಿಂದ ಇರುವ ಅಮೆರಿಕದ ಮಾರ್ಗಸೂಚಿ. ಆದ್ದರಿಂದ ರಿಪೋರ್ಟಿನಲ್ಲಿ ಅನುಪಾತ, ಸರಾಸರಿ, ಎಷ್ಟು ಕೋಶ ಎಣಿಸಿದ್ದು, ಮೂರೂ ಇರಲೇಬೇಕು. ಬರೀ ‘ನೆಗೆಟಿವ್’ ಎಂದಿದ್ದರೆ ಸಂಖ್ಯೆ ಕೇಳಿ ತೆಗೆದುಕೊಳ್ಳಿ.

ಇಷ್ಟೆಲ್ಲ ಕಟ್ಟುನಿಟ್ಟು ಲ್ಯಾಬಿನೊಳಗೆ. ಟೆಸ್ಟು ಹಾಳಾಗುವುದು ಬಹುಪಾಲು ಲ್ಯಾಬಿಗೆ ಬರುವ ಮೊದಲೇ. ತೆಗೆದ ಗೆಡ್ಡೆ 1 ಗಂಟೆಯೊಳಗೆ ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರವಕ್ಕೆ) ಇಳಿಯಬೇಕು, ಅಲ್ಲಿ 6 ಗಂಟೆಗೆ ಕಡಿಮೆಯಿಲ್ಲದೆ, 72 ಗಂಟೆ ಮೀರದೆ ಇರಬೇಕು. ಗಂಟೆಗೆ ಸುಮಾರು ಒಂದು ಮಿಲಿಮೀಟರಿನಂತೆ ಒಳಗಿಳಿಯುವ ದ್ರವ ಅದು. ಇಡೀ ಸ್ತನವನ್ನು ಹಾಗೆಯೇ ಡಬ್ಬಿಗೆ ಹಾಕಿ ಮಾರನೆಯ ದಿನದ ಬಸ್ಸಿಗೆ ಕೊಟ್ಟರೆ, ಹೊರಗೆ ಗಟ್ಟಿಯಾಗಿದ್ದರೂ ನಡುವಿನ ಗೆಡ್ಡೆ ಕೊಳೆಯುತ್ತಿರುತ್ತದೆ. 5ರಿಂದ 10 ಮಿಲಿಮೀಟರಿಗೊಂದರಂತೆ ಸೀಳಿ, ಸೀಳುಗಳ ನಡುವೆ ಗಾಜ್ ಬಟ್ಟೆ ಇಟ್ಟು, ಅಂಗಾಂಶದ ಹತ್ತು ಪಟ್ಟು ದ್ರವದಲ್ಲಿ ಮುಳುಗಿಸಬೇಕು. ದ್ರವವೂ ಸರಿಯಿರಬೇಕು: 100 ಮಿಲಿ ಗಟ್ಟಿ ಫಾರ್ಮಲಿನ್, 900 ಮಿಲಿ ಡಿಸ್ಟಿಲ್ಡ್ ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ನಲ್ಲಿ ನೀರು ಬೆರೆಸಿ ತಿಂಗಳುಗಟ್ಟಲೆ ಇಟ್ಟದ್ದು ಆಮ್ಲವಾಗಿ ಡಿಎನ್‌ಎಯನ್ನು ಕಡಿಯುತ್ತದೆ. ಸಲೈನಿನಲ್ಲಿ ಕಳಿಸಿದ ತುಂಡಿನ ಮೇಲೆ ಯಾವ ದುಬಾರಿ ಟೆಸ್ಟು ಮಾಡಿದರೂ ನಂಬುವ ಹಾಗಿಲ್ಲ. ಬಯಾಪ್ಸಿ ಫಾರಂನಲ್ಲಿ ‘ತೆಗೆದ ಸಮಯ’, ‘ಫಾರ್ಮಲಿನ್‌ಗೆ ಹಾಕಿದ ಸಮಯ’ ಎಂಬ ಎರಡು ಕಲಂ ಕಡ್ಡಾಯವಾಗಬೇಕು. ಇದಕ್ಕೆ ಖರ್ಚಿಲ್ಲ, ಪೆನ್ನು ಸಾಕು.

ಎನ್‌ಜಿಎಸ್ ಪ್ಯಾನೆಲ್ (ಹಲವು ಜೀನುಗಳ ಅಕ್ಷರಗಳನ್ನು ಒಟ್ಟಿಗೆ ಓದುವ ಟೆಸ್ಟು) ಮಾಡಿಸಿದವರಿಗೆ ಒಂದು ಲೆಕ್ಕ ಹೇಳುತ್ತೇನೆ. ತುಂಡಿನಲ್ಲಿ ಕ್ಯಾನ್ಸರ್ ಕೋಶಗಳು ಶೇ. 20, ಉಳಿದದ್ದು ಸಾಮಾನ್ಯ ಅಂಗಾಂಶ. ಕ್ಯಾನ್ಸರ್ ಕೋಶದಲ್ಲಿ ಜೀನಿನ 6 ಪ್ರತಿ ಇದ್ದರೂ ಯಂತ್ರಕ್ಕೆ ಕಾಣುವ ಸರಾಸರಿ 2.8 ಮಾತ್ರ, ಅಂದರೆ ಸಾಮಾನ್ಯದ 1.4 ಪಟ್ಟು. ಇಷ್ಟು ಸಣ್ಣ ಏರಿಕೆಯನ್ನು ಗದ್ದಲದಿಂದ ಬೇರ್ಪಡಿಸುವುದು ಬಹಳ ಸಾಫ್ಟ್‌ವೇರ್‌ಗಳಿಗೆ ಕಷ್ಟ. ಕ್ಯಾನ್ಸರ್ ಶೇ. 30 ಇದ್ದು ಒಂದು ಪ್ರತಿ ಕಳೆದುಹೋಗಿದ್ದರೆ ಕಾಣುವುದು 1.7, ಅದೂ ಕೈತಪ್ಪುತ್ತದೆ. ಅದೇ ಶೇ. 20ರ ತುಂಡಿನಲ್ಲಿ ಎರಡರಲ್ಲಿ ಒಂದು ಪ್ರತಿ ಮ್ಯುಟೇಟ್ ಆಗಿದ್ದರೆ ಓದಿದ ಡಿಎನ್‌ಎಯ ಶೇ. 10ರಲ್ಲಿ ಅದು ಕಾಣುತ್ತದೆ, ಯಂತ್ರ ಸುಲಭವಾಗಿ ಹಿಡಿಯುತ್ತದೆ. ಒಂದೇ ಟ್ಯೂಬು, ಒಂದೇ ಯಂತ್ರ. ಮ್ಯುಟೇಶನ್ ಸಿಗುತ್ತದೆ, ಪ್ರತಿಯ ಬದಲಾವಣೆ ಸಿಗುವುದಿಲ್ಲ. ರಿಪೋರ್ಟಿನ ಕೊನೇ ಪುಟದ ಸಣ್ಣಕ್ಷರದಲ್ಲಿ ಗೆಡ್ಡೆಯ ಶೇಕಡಾ ಎಷ್ಟು, ಪ್ರತಿಗಳ ಸಂಖ್ಯೆ ನೋಡಿದ್ದಾರೆಯೇ ಎಂದು ಬರೆದಿರುತ್ತದೆ. ಮೊದಲು ಓದಬೇಕಾದದ್ದು ಆ ಪುಟ. ಎನ್‌ಜಿಎಸ್‌ನಲ್ಲಿ ಹರ್‌-2 ಏರಿಕೆ ಕಾಣಲಿಲ್ಲವೆಂದು ಐಎಚ್‌ಸಿ, ಫಿಶ್ ಬಿಡಕೂಡದು.

ಮನೆತನದಲ್ಲಿ ಬರುವ ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ ಜೀನನ್ನು ರಕ್ತದಲ್ಲಿ ನೋಡಿಸುವ ಕುಟುಂಬಗಳಿಗೂ ಇದೇ ಮಾತು. ಜೀನಿನ ಒಂದೆರಡು ಎಕ್ಸಾನ್‌ಗಳೇ (ಪ್ರೋಟೀನಿನ ಸೂಚನೆ ಇರುವ ತುಂಡುಗಳೇ) ಪೂರ್ತಿ ಹಾರಿಹೋದ ಮನೆತನಗಳಿವೆ. ಅಕ್ಷರ ಓದುವ ಟೆಸ್ಟು ಉಳಿದ ಒಳ್ಳೆಯ ಪ್ರತಿಯನ್ನು ಓದಿ ‘ಎಲ್ಲ ಸರಿ’ ಎನ್ನುತ್ತದೆ. ‘ಎಂಎಲ್‌ಪಿಎ ಅಥವಾ ಅಂಥದ್ದೇ ವಿಧಾನದಿಂದ ಡಿಲೀಷನ್, ಡುಪ್ಲಿಕೇಶನ್ ನೋಡಿದ್ದೀರಾ’ ಎಂದು ಕೇಳಿ.

ಹರ್‌-2 ಸಾಲಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣ, ಪಾಸಿಟಿವ್ ಎಂದಾದರೆ ಕೊಡಲು ಔಷಧಿ ಇದೆ. ಟ್ರಾಸ್ಟುಜುಮಾಬ್ ಮೊದಲ ಸಲ ಕೆ.ಜಿ. ತೂಕಕ್ಕೆ 8 ಮಿಲಿಗ್ರಾಂ, ನಂತರ 3 ವಾರಕ್ಕೊಮ್ಮೆ 6 ಮಿಲಿಗ್ರಾಂ, ಆರಂಭಿಕ ಹಂತದ ಕಾಯಿಲೆಗೆ ಸಾಮಾನ್ಯವಾಗಿ ಒಂದು ವರ್ಷ. ನಡುನಡುವೆ ಹೃದಯದ ಎಕೋ ಮಾಡಿಸುತ್ತಿರಬೇಕು. ಬೆಂಗಳೂರಿನ ಬಯೋಕಾನ್ ಇದರ ಬಯೋಸಿಮಿಲರನ್ನು (ಮೂಲ ಔಷಧಿಯನ್ನು ಹೋಲುವ ಇನ್ನೊಂದು ಕಂಪನಿಯ ಔಷಧಿಯನ್ನು) 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಔಷಧಿಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಫಿಶ್ ಮಾಡಿಸದೆ ಬಿಟ್ಟವರಿಗೆ ಈ ಔಷಧಿ ಬೇಕಿತ್ತೋ ಬೇಡವೋ ಎಂಬುದೇ ಗೊತ್ತಾಗುವುದಿಲ್ಲ. ಉಲ್ಟಾ ಪ್ರಕರಣವೂ ಇದೆ: ಕೆಲವು ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಹರ್‌-2 ಪ್ರತಿಗಳು ಸರಿಯಿದ್ದು, 20ನೇ ಎಕ್ಸಾನ್‌ನಲ್ಲಿ ಕೆಲವು ಅಕ್ಷರ ಹೆಚ್ಚಾಗಿ ಸೇರಿಕೊಂಡಿರುತ್ತವೆ. ಅಲ್ಲಿ ಫಿಶ್ ಏನನ್ನೂ ಹೇಳುವುದಿಲ್ಲ, ಅಕ್ಷರವನ್ನೇ ಓದಬೇಕು. ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧಿ ಆ ಮ್ಯುಟೇಶನ್ ಇದ್ದವರಿಗೆ ಕೆಲಸ ಮಾಡುತ್ತದೆ. ಹರಡಿದ ಸ್ತನ ಕ್ಯಾನ್ಸರಿನಲ್ಲಿ ಐಎಚ್‌ಸಿ 1+ (2+ಗಿಂತ ಕಡಿಮೆ ಬಣ್ಣ) ಬಂದವರಿಗೂ, 2+ ಬಂದು ಫಿಶ್ ನೆಗೆಟಿವ್ ಆದವರಿಗೂ 2022ರಿಂದ ಅದು ಒಂದು ದಾರಿ. ಹಾಗಾಗಿ 0 ಮತ್ತು 1+ ಅನ್ನು ಒಟ್ಟಿಗೆ ‘ನೆಗೆಟಿವ್’ ಎಂದು ಬರೆದು ಕೈತೊಳೆದುಕೊಳ್ಳುವ ಕಾಲ ಹೋಯಿತು.

ಕಡೆಯದಾಗಿ ಬ್ಲಾಕಿನ ವಿಷಯ. ಗೆಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿದ ಪ್ಯಾರಾಫಿನ್ ಬ್ಲಾಕು ಎಲ್ಲಿದೆ, ಅದರ ನಂಬರೇನು ಎಂದು ಬರೆದಿಟ್ಟುಕೊಳ್ಳಿ. ಬೇರೆ ಕಡೆ ಟೆಸ್ಟು ಮಾಡಿಸುವುದಿದ್ದರೆ ಬ್ಲಾಕನ್ನೇ ಕಳಿಸಿ; ಕತ್ತರಿಸಿ 6 ವಾರ ಮೀರಿದ ಬಣ್ಣ ಹಾಕದ ಸ್ಲೈಡುಗಳು ಹರ್‌-2ಗೆ ಬೇಡ. ವರ್ಷಗಳ ನಂತರ ಕಾಯಿಲೆ ಬೇರೆ ಜಾಗದಲ್ಲಿ ಮರಳಿದರೆ ಹಳೆಯ ರಿಪೋರ್ಟಿನ ಮೇಲೇ ಔಷಧಿ ಬರೆಸಿಕೊಳ್ಳಬೇಡಿ, ಪ್ರತಿಗಳ ಸಂಖ್ಯೆ ಅಷ್ಟರಲ್ಲಿ ಬದಲಾಗಿರಬಹುದು. ಸಾಧ್ಯವಿದ್ದರೆ ಹೊಸ ಬಯಾಪ್ಸಿ ಮಾಡಿಸಿ. ಅದು ಮೂಳೆಯ ತುಂಡಾಗಿದ್ದರೆ, ‘ಡಿಎನ್‌ಎ ಟೆಸ್ಟಿಗೆ ಬೇಕು, ನೈಟ್ರಿಕ್ ಆಸಿಡ್ ಬೇಡ, ಇಡಿಟಿಎಯಲ್ಲಿ ಮೆತ್ತಗೆ ಮಾಡಿ’ ಎಂದು ಫಾರಂ ಮೇಲೆ ಡಾಕ್ಟರಿಂದ ಬರೆಸಿ ಕೊಡಿ. ಮೂಳೆಯ ಸುಣ್ಣವನ್ನು ನಿಧಾನವಾಗಿ ತೆಗೆಯುವ ಇಡಿಟಿಎಗೆ ಹೆಚ್ಚು ದಿನ ಹಿಡಿಯುತ್ತದೆ, ಆದರೆ ಆಸಿಡ್ಡಿನಲ್ಲಿ ಕರಗಿದ ಮೂಳೆಯಲ್ಲಿ ಎಣಿಸಲು ಚುಕ್ಕೆಗಳೇ ಉಳಿದಿರುವುದಿಲ್ಲ.