ತೋಟಕ್ಕೆ ಕ್ಯಾಮೆರಾ ಕಟ್ಟಿದ ಪುರಾಣ

ಮರಕ್ಕೆ ಕಟ್ಟಿಟ್ಟರೆ ಎದುರಿಗೆ ಸುಳಿದ ಪ್ರಾಣಿಯ ಚಿತ್ರವನ್ನು ತಾನೇ ತೆಗೆಯುವ ಟ್ರೇಲ್ ಕ್ಯಾಮೆರಾವನ್ನು ಮಾರುವವರು ಅದರ ಡಬ್ಬಿಯ ಮೇಲೆ ಸಾಮಾನ್ಯವಾಗಿ ಕವಲುಗೊಂಬಿನ ದೊಡ್ಡ ಜಿಂಕೆಯೊಂದರ ಚಿತ್ರವನ್ನು ಅಚ್ಚು ಹಾಕಿಸಿರುತ್ತಾರೆ. ಅಮೆರಿಕದ ಬೇಟೆಗಾರರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬೆಳೆದ ಸರಕಾದ್ದರಿಂದ ಅದು ಸಹಜವೇ ಆಗಿದೆ. ಆದರೆ ಸಾಗರ ತಾಲ್ಲೂಕಿನ ಅಡಿಕೆ ತೋಟವೊಂದರಲ್ಲಿ ಅದನ್ನು ಕಟ್ಟಿದವರಿಗೆ ಮೊದಲು ಸಿಗುವುದು ಬಾಳೆ ಎಲೆಯ ಚಿತ್ರ, ಆಮೇಲೆ ಸಿಗುವುದು ಅದೇ ಬಾಳೆ ಎಲೆಯ ಇನ್ನೊಂದು ಚಿತ್ರ, ಅದು ಸಾಕಾದ ಮೇಲೆ ಮನೆಯವರ ಚಿತ್ರ. ಕಾಡುಪ್ರಾಣಿಯ ಸರದಿ ಏನಿದ್ದರೂ ಕೊನೆಯ ಪಂಕ್ತಿಯಲ್ಲಿ ಬರುತ್ತದೆ.

ನಮ್ಮ ಮನೆಗೆ ಈ ಯಂತ್ರ ಬಂದದ್ದು ವನ್ಯಜೀವಿ ಪ್ರೇಮದಿಂದಲ್ಲ, ಜಗಲಿಯ ಮೇಲಿನ ವ್ಯಾಜ್ಯವೊಂದನ್ನು ಇತ್ಯರ್ಥಪಡಿಸುವುದಕ್ಕೆ. ಅಡಿಕೆ ಮರಗಳ ನಡುವೆ ಬೆಳೆದ ಬಾಳೆಗೊನೆಗಳು ಇನ್ನೇನು ಕಡಿಯಬೇಕು ಎನ್ನುವಷ್ಟರಲ್ಲಿ ರಾತ್ರೋರಾತ್ರಿ ಒಂದೆರಡು ಚಿಪ್ಪು ಕಳೆದುಕೊಳ್ಳುತ್ತಿದ್ದವು. ಇದು ಮುಳ್ಳುಹಂದಿಯ ಕೆಲಸವೆಂದು ಅಪ್ಪಯ್ಯನೂ, ಕಾಡುಹಂದಿಯದೆಂದು ಚಿಕ್ಕಪ್ಪನೂ ತೀರ್ಪು ಕೊಟ್ಟು ಕುಳಿತಿದ್ದರು. ಮುಳ್ಳುಹಂದಿ ಅಡಿಕೆ, ತೆಂಗಿನ ಎಳೆಯ ಸಸಿಗಳ ಬುಡ ಕೊರೆಯುವ ಪ್ರಾಣಿಯೆಂದೂ, ಕಾಡುಹಂದಿ ಬಾಳೆಯ ಗಡ್ಡೆಯ ಆಸೆಗೆ ಬುಡವನ್ನೇ ಉತ್ತು ಕೆಡವುತ್ತದೆಯೇ ಹೊರತು ತಲೆಯ ಮೇಲಿನ ಗೊನೆಯಿಂದ ಹಣ್ಣಾದದ್ದನ್ನಷ್ಟೇ ಆರಿಸಿ ತಿನ್ನುವ ನಾಜೂಕು ಅದಕ್ಕಿಲ್ಲವೆಂದೂ ನಾನು ಹೇಳಿದ್ದು ಇಬ್ಬರ ಕಿವಿಗೂ ಬೀಳಲಿಲ್ಲ. ಕಳ್ಳನಿಗೆ ಇರುವುದು ಎರಡೇ ಕಾಲು ಎಂಬುದು ಅಮ್ಮನ ಅಭಿಪ್ರಾಯವಾಗಿತ್ತು. ಹಾಗೆನ್ನುವಾಗ ಅವಳು ಚಿಕ್ಕಪ್ಪನ ಕಡೆಗೆ ನೋಡುತ್ತಿರಲಿಲ್ಲ; ಆದರೆ ಸಕ್ಕರೆ ಕಾಯಿಲೆ ಇರುವವರು ಬಾಳೆಹಣ್ಣು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದನ್ನು ಅದೇ ಉಸಿರಿನಲ್ಲಿ ನೆನಪಿಸುತ್ತಿದ್ದಳು.

ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವುದು ಮೆಗಾಪಿಕ್ಸೆಲ್ ಎಂಬ ಮಾಯೆ. ಅಗ್ಗದ ಕ್ಯಾಮೆರಾಗಳ ಮೇಲೆ 36, 48 ಎಂದು ದಪ್ಪ ಅಂಕಿಗಳಲ್ಲಿ ಬರೆದಿರುತ್ತಾರಾದರೂ ಒಳಗಿರುವ ಸೆನ್ಸರಿನ ನಿಜವಾದ ಯೋಗ್ಯತೆ ಅದಕ್ಕಿಂತ ಎಷ್ಟೋ ಕಡಿಮೆಯಿದ್ದು, ಮಿಕ್ಕ ಚುಕ್ಕಿಗಳನ್ನು ಯಂತ್ರ ತಾನೇ ಊಹಿಸಿ ತುಂಬಿಕೊಂಡಿರುತ್ತದೆ. ನಿಜವಾಗಿ ವಿಚಾರಿಸಬೇಕಾದದ್ದು ಬೇರೆ: ಎದುರಿಗೆ ಪ್ರಾಣಿ ಬಂದದ್ದು ಗೊತ್ತಾದ ಮೇಲೆ ಚಿತ್ರ ತೆಗೆಯಲು ಅದು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು. ಅರ್ಧ ಸೆಕೆಂಡಿನೊಳಗೆ ಎಚ್ಚರವಾಗುವ ಕ್ಯಾಮೆರಾ ಒಳ್ಳೆಯದು. ಒಂದೂವರೆ ಸೆಕೆಂಡು ಆಕಳಿಸಿ ಏಳುವ ಕ್ಯಾಮೆರಾದಲ್ಲಿ ಬಾಲಗಳ ಸಂಗ್ರಹವೊಂದನ್ನು ಮಾಡಬಹುದೇ ವಿನಾ ಮುಖಗಳದ್ದನ್ನಲ್ಲ. ಎರಡನೆಯದು ರಾತ್ರಿಯ ಬೆಳಕಿನ ವಿಚಾರ. ಕತ್ತಲೆಯಲ್ಲಿ ಚಿತ್ರ ತೆಗೆಯಲು ಇವು ಅವಕೆಂಪು, ಅಂದರೆ ಇನ್‌ಫ್ರಾರೆಡ್ ಕಿರಣಗಳನ್ನು ಬಳಸುತ್ತವೆ. 850 ನ್ಯಾನೋಮೀಟರು ತರಂಗಾಂತರದ ದೀಪಗಳಾದರೆ ಬೆಳಕು ದೂರದವರೆಗೆ ಹೋಗುತ್ತದೆ, ಆದರೆ ಉರಿಯುವ ಹೊತ್ತಿನಲ್ಲಿ ಮಂದವಾದ ಕೆಂಪು ಚುಕ್ಕೆಗಳು ಕಣ್ಣಿಗೆ ಕಾಣುತ್ತವೆ. 940ರದ್ದಾದರೆ ಏನೂ ಕಾಣುವುದಿಲ್ಲ, ಆದರೆ ಬೆಳಕಿನ ಎಟುಕು ಕಡಿಮೆ. ಸಿಮ್ ಹಾಕಿಕೊಂಡು ಚಿತ್ರಗಳನ್ನು ನೇರವಾಗಿ ಮೊಬೈಲಿಗೆ ಕಳಿಸುವ ಜಾತಿಯೂ ಇದೆ. ಫೋನು ಬಂದರೆ ಅಂಗಳದಾಚೆಯ ದರೆ ಹತ್ತಿ ಮಾತನಾಡಬೇಕಾದ ನಮ್ಮೂರಿನಲ್ಲಿ ಆ ಜಾತಿಯ ವಿಚಾರವನ್ನು ಯಾರೂ ಎತ್ತಲಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಇದೆಲ್ಲವನ್ನೂ ಸುದೀರ್ಘವಾಗಿ ವಿವರಿಸಿ, ಕೊನೆಗೆ ರಿಯಾಯಿತಿಯಲ್ಲಿದ್ದ 850ರದ್ದೊಂದನ್ನು ಕಳಿಸಿಕೊಟ್ಟ.

ಅದಕ್ಕೆ ಎಂಟು ಪೆನ್ಸಿಲ್ ಸೆಲ್ಲುಗಳು ಬೇಕಾಗಿದ್ದವು. ಮನೆಯಲ್ಲಿ ಎಂಟು ಸೆಲ್ಲುಗಳನ್ನು ಒಟ್ಟುಗೂಡಿಸುವುದೆಂದರೆ ಮದುವೆಗೆ ದಾಯಾದಿಗಳನ್ನೆಲ್ಲ ಒಟ್ಟುಗೂಡಿಸಿದ ಹಾಗೆ. ಒಬ್ಬೊಬ್ಬರಲ್ಲೂ ಒಂದೊಂದು ಬಗೆಯ ಶಕ್ತಿ ಉಳಿದಿರುತ್ತದೆ, ಹೊಂದಾಣಿಕೆ ಮಾತ್ರ ಇರುವುದಿಲ್ಲ. ಗೋಡೆ ಗಡಿಯಾರದಿಂದ ಒಂದು, ಟಿವಿ ರಿಮೋಟಿನಿಂದ ಎರಡು, ಟಾರ್ಚಿನಿಂದ ಮೂರು ಹೀಗೆ ಕಿತ್ತು ತುಂಬಿದ ಮೇಲೆ ಕ್ಯಾಮೆರಾ ಹಗಲೆಲ್ಲ ಲವಲವಿಕೆಯಿಂದ ಇದ್ದು, ರಾತ್ರಿ ದೀಪ ಉರಿಸಬೇಕಾದ ಹೊತ್ತಿಗೆ ಸರಿಯಾಗಿ ಮೂರ್ಛೆ ಹೋಗುತ್ತಿತ್ತು. ಹೊಸ ಸೆಲ್ಲುಗಳನ್ನು ತರಿಸಿ ಹಾಕಿದ್ದಾಯಿತು. ಆದರೆ ಧಾರಾವಾಹಿಯ ಹೊತ್ತಿಗೆ ರಿಮೋಟು ಬರಿದಾಗಿರುವುದನ್ನು ಕಂಡ ಅಮ್ಮ, ತನ್ನದೇ ಸೆಲ್ಲುಗಳನ್ನು ಹಿಂದಕ್ಕೆ ಪಡೆಯುವ ನ್ಯಾಯಯುತ ಭಾವನೆಯಿಂದ ಒಂದು ಸಂಜೆ ತೋಟಕ್ಕೆ ಹೋಗಿ ಎರಡನ್ನು ಬಿಚ್ಚಿಕೊಂಡು ಬಂದು, ಮಾರನೆಯ ದಿನ ಅವನ್ನೇ ಮರಳಿಸಿದಳು. ಸೆಲ್ಲು ಕಳಚಿದೊಡನೆ ಇಂಥ ಕ್ಯಾಮೆರಾದ ಗಡಿಯಾರ ಸತ್ತು, ಮತ್ತೆ ಹಾಕಿದಾಗ ಕಾರ್ಖಾನೆ ಕೊಟ್ಟ ಮೊದಲ ತಾರೀಕಿನಿಂದ ಹೊಸ ಬದುಕು ಆರಂಭಿಸುತ್ತದೆ. ನಮ್ಮದು 2017ರ ಜನವರಿ ಒಂದಕ್ಕೆ ಹೋಗಿ ನಿಂತಿತು. ಇದರ ಪರಿಣಾಮವನ್ನು ಮುಂದೆ ಹೇಳುತ್ತೇನೆ.

ಕಟ್ಟುವ ಜಾಗದ ಬಗ್ಗೆಯೂ ಶಾಸ್ತ್ರವಿದೆ. ಕ್ಯಾಮೆರಾದೊಳಗಿನ ಸೆನ್ಸರು ಪ್ರಾಣಿಯನ್ನು ಗುರುತಿಸುವುದಿಲ್ಲ. ಹಿನ್ನೆಲೆಗಿಂತ ಬೇರೆ ಶಾಖದ ವಸ್ತುವೊಂದು ಅಲುಗಾಡಿದ್ದನ್ನಷ್ಟೇ ಗುರುತಿಸುತ್ತದೆ. ಬೆಳಗಿನ ಬಿಸಿಲಿಗೆ ಕಾದು ಗಾಳಿಗೆ ತೂಗುವ ಬಾಳೆ ಎಲೆ ಅದರ ಲೆಕ್ಕದಲ್ಲಿ ಸಾಕ್ಷಾತ್ ಪ್ರಾಣಿಯೇ. ಆದ್ದರಿಂದ ಮುಂದಿನ ಎಲೆ, ಹುಲ್ಲುಗಳನ್ನು ಸವರಬೇಕು, ಸೂರ್ಯ ನೇರವಾಗಿ ಇಣುಕದಂತೆ ಉತ್ತರಕ್ಕೆ ಮುಖ ಮಾಡಿ ಕಟ್ಟಬೇಕು, ಪ್ರಾಣಿ ಎದುರಿನಿಂದ ನಡೆದು ಬರುವುದಕ್ಕಿಂತ ಅಡ್ಡಲಾಗಿ ದಾಟುವ ಜಾಗವನ್ನು ಆರಿಸಬೇಕು, ಸಣ್ಣ ಪ್ರಾಣಿಗಳಿಗಾದರೆ ಮೊಣಕಾಲೆತ್ತರ ಸಾಕು. ಅಪ್ಪಯ್ಯ ಇದಿಷ್ಟನ್ನೂ ಕೇಳಿಸಿಕೊಂಡು, ಮಳೆಗಾಲದ ನೀರು ಸಿಡಿಯಬಾರದೆಂಬ ಒಂದೇ ಕಾರಣಕ್ಕೆ ತೋಟದಂಚಿನ ಹಲಸಿನ ಮರಕ್ಕೆ ಆಳೆತ್ತರದಲ್ಲಿ, ಪೂರ್ವಾಭಿಮುಖವಾಗಿ, ಮನೆಯ ಹೊಸಿಲಿನ ವಾಸ್ತುವಿಗೆ ಹೊಂದುವಂತೆ ಅದನ್ನು ಬಿಗಿದರು. ಅಗಳದಾಚೆಯ ಕಾಡಿನಲ್ಲೇ ಕಟ್ಟಿಬಿಡೋಣ, ಅಲ್ಲಾದರೆ ಚಿರತೆಯೂ ಸಿಕ್ಕೀತು ಎಂದ ಚಿಕ್ಕಪ್ಪನನ್ನು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಕಟ್ಟಿದರೆ ಮೊದಲು ಸಿಕ್ಕಿಬೀಳುವುದು ನಾವೇ ಎಂದು ಹೇಳಿ ತಡೆಯಬೇಕಾಯಿತು.

ಮೊದಲ ಸಲ ಕಾರ್ಡು ತಂದು ಲ್ಯಾಪ್‌ಟಾಪಿಗೆ ಹಾಕಿದಾಗ ಮನೆಯವರೆಲ್ಲ ಕಾಫಿ ಲೋಟ ಹಿಡಿದು ಸುತ್ತ ಕುಳಿತರು. ಎಲೆ. ಎಲೆ. ಬಲಕ್ಕೆ ವಾಲಿದ ಎಲೆ. ನಡುವೆ ಒಂದು ಕಡೆ ಪರದೆಯ ತುಂಬ ಒದ್ದೆಯಾದ ಕಪ್ಪು ಗುಹೆಯೊಂದು ಕಾಣಿಸಿ, ಅದು ಯಾವ ಪ್ರಾಣಿಯೆಂದು ಚರ್ಚೆ ಶುರುವಾಗಿ, ನಾಲ್ಕು ಚಿತ್ರಗಳ ನಂತರ ಸ್ವಲ್ಪ ಹಿಂದೆ ಸರಿದ ನಮ್ಮ ಗೌರಿಯ ಮುಖ ಪೂರ್ತಿ ಕಂಡು, ಅದು ಆಕಳಿನ ಮೂಗಿನ ಹೊಳ್ಳೆಯೆಂದು ತೀರ್ಮಾನವಾಯಿತು. ಮುಂದಿನ ಚಿತ್ರಗಳಲ್ಲಿ ಗೌರಿ ತೋಟದ ಬಾಗಿಲಾದ ದಣಪೆಯ ಗಳುವನ್ನು ಕೊಂಬಿನಿಂದ ಸರಿಸುವ ಕ್ರಮ ಹಂತ ಹಂತವಾಗಿ ದಾಖಲಾಗಿತ್ತು. ದಣಪೆ ಹಾಕದೆ ಬಂದವರು ಯಾರು ಎಂಬ ಹಳೆಯ ಜಗಳವೊಂದು ಅಲ್ಲಿಗೆ ಮುಗಿದದ್ದರಿಂದ ಮನೆಯಲ್ಲಿ ಮಾತನಾಡಲು ಒಂದು ವಿಷಯ ಕಡಿಮೆಯಾಯಿತು.

ಎಲೆಗಳಿಂದ ಬೇಸತ್ತವರಿಗೆ ಸಮಾಧಾನ ಬೇಕಿದ್ದರೆ ನಮ್ಮ ಹುಲಿ ಗಣತಿಯ ಲೆಕ್ಕವನ್ನು ನೋಡಬೇಕು. 2018ರ ಅಖಿಲ ಭಾರತ ಗಣತಿಯಲ್ಲಿ 26,838 ಕಡೆಗಳಲ್ಲಿ ಕ್ಯಾಮೆರಾ ಕಟ್ಟಿ ತೆಗೆದ ಚಿತ್ರಗಳು 3,48,58,623. ಅವುಗಳಲ್ಲಿ ಹುಲಿ ಇದ್ದದ್ದು 76,651ರಲ್ಲಿ. ಗಿನ್ನೆಸ್ ದಾಖಲೆಯನ್ನೇ ಬರೆದ ಆ ಸಮೀಕ್ಷೆಯಲ್ಲೂ ಸರಾಸರಿ 450ಕ್ಕೂ ಹೆಚ್ಚು ಚಿತ್ರಗಳಿಗೆ ಒಂದರಂತೆ ಹುಲಿ ಸಿಕ್ಕಿದೆ ಎಂದ ಮೇಲೆ ನಮ್ಮ ಹಲಸಿನ ಮರ ಯಾವ ಲೆಕ್ಕ? ಹೀಗೆ ಹುಲಿಗೆ ಕ್ಯಾಮೆರಾ ಕಟ್ಟಿದವರ ಪೈಕಿ ಹಳಬನಾದ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಬ್ರಿಟಿಷ್ ಅರಣ್ಯಾಧಿಕಾರಿ 1920ರ ದಶಕದಲ್ಲಿ ಉತ್ತರ ಭಾರತದ ಕಾಡುಗಳಲ್ಲಿ ಹುಲಿ ನಡೆಯುವ ದಾರಿಗೆ ತಂತಿ ಕಟ್ಟಿ, ಹುಲಿಯೇ ಅದನ್ನು ತುಳಿದು ತನ್ನ ಚಿತ್ರ ತಾನೇ ತೆಗೆದುಕೊಳ್ಳುವಂತೆ ಏರ್ಪಾಡು ಮಾಡಿದ್ದ. ಬೆಳಕಿನ ಪುಡಿ ಒಮ್ಮೆ ಭುಗ್ಗೆಂದು ಉರಿದರೆ ಆ ರಾತ್ರಿಯ ಆಟ ಮುಗಿಯುತ್ತಿತ್ತು. ತಂತಿಯನ್ನು ಮೊದಲು ಗೌರಿಯಂಥವಳೊಬ್ಬಳು ತುಳಿದಿದ್ದರೆ ಅವನ ಮನಸ್ಥಿತಿ ಏನಾಗುತ್ತಿತ್ತೆಂದು ನಾನು ಆಗಾಗ ಯೋಚಿಸುವುದುಂಟು.

ಎರಡನೆಯ ಕಾರ್ಡಿನಲ್ಲಿ ಚಿಕ್ಕಪ್ಪ ಸಿಕ್ಕಿದರು. ರಾತ್ರಿ 11 ಗಂಟೆ 47 ನಿಮಿಷಕ್ಕೆ, ಪಂಚೆ ಎತ್ತಿ ಕಟ್ಟಿಕೊಂಡು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಎರಡೂ ಕೈಗಳಿಂದ ಗೊನೆಯನ್ನು ತಬ್ಬಿಕೊಂಡಿದ್ದರು. ಅಮ್ಮ ಏನೂ ಹೇಳದೆ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು. ಚಿಕ್ಕಪ್ಪ ಮಾತ್ರ ಕನ್ನಡಕ ಹಾಕಿಕೊಂಡು ಚಿತ್ರದ ಕೆಳಗಿನ ಪಟ್ಟಿಯನ್ನು ನಿಧಾನವಾಗಿ ಓದಿ, ತಾರೀಕು 2017ರ ಜನವರಿ ಎಂದಿರುವುದನ್ನು ಎಲ್ಲರ ಗಮನಕ್ಕೆ ತಂದು, ಆ ಜನವರಿಯಲ್ಲಿ ತಾವು ಮಗಳ ಬಾಣಂತನದ ಓಡಾಟಕ್ಕೆಂದು ಮೈಸೂರಿನಲ್ಲಿದ್ದುದಕ್ಕೆ ಊರೇ ಸಾಕ್ಷಿ ಎಂದರು. ಆ ಪಂಚೆ ಕಳೆದ ದೀಪಾವಳಿಯಲ್ಲಿ ಕೊಂಡದ್ದಲ್ಲವೇ, ಅದಕ್ಕೆ ಹಸಿರು ಅಂಚಿದೆಯಲ್ಲವೇ ಎಂದು ಚಿಕ್ಕಮ್ಮ ಅಡುಗೆ ಮನೆಯಿಂದಲೇ ಕೇಳಿದರು. ಅವಕೆಂಪು ಬೆಳಕಿನಲ್ಲಿ ತೆಗೆದ ರಾತ್ರಿಯ ಚಿತ್ರಗಳು ಕಪ್ಪು ಬಿಳುಪಿನಲ್ಲೇ ಇರುವುದರಿಂದ ಅಂಚು ಹಸಿರೋ ಕೆಂಪೋ ಎಂಬುದು ಇಂದಿಗೂ ಸಾಬೀತಾಗಿಲ್ಲ.

ಇಷ್ಟಾದರೂ ಗೊನೆಗಳು ಬರಿದಾಗುತ್ತಲೇ ಇದ್ದವು. ಚಿಕ್ಕಪ್ಪ ಊರಿನಲ್ಲಿಲ್ಲದ ರಾತ್ರಿಗಳಲ್ಲೂ ಆದವು ಎಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಲೇಬೇಕು. ಪ್ರಕರಣಕ್ಕೆ ತಿರುವು ಸಿಕ್ಕಿದ್ದು ತ್ರೀ ಫೇಸ್ ಕರೆಂಟಿನಿಂದ. ನಮ್ಮ ಕಡೆ ಪಂಪಿಗೆ ಬೇಕಾದ ಕರೆಂಟು ಎಷ್ಟೋ ದಿನ ಕೊಡುವುದೇ ರಾತ್ರಿಯಲ್ಲಿ. ಮೋಟರು ಹಾಕಲು ತೋಟಕ್ಕೆ ಹೋದ ನಮ್ಮ ಕೆಲಸದ ಹಿರಿಯರು ಹಲಸಿನ ಮರದ ಕಡೆಯಿಂದ ಕೆಂಪು ಕಣ್ಣುಗಳ ಗುಂಪೊಂದು ಒಂದು ಕ್ಷಣ ತೆರೆದು ಮುಚ್ಚಿದ್ದನ್ನು ಕಂಡರು. ಆ ಮರದ ಬುಡದಲ್ಲಿ ಹಿಂದೆ ಚೌಡಿಯ ಕಲ್ಲೊಂದು ಇತ್ತೆಂದು ಅವರ ತಂದೆ ಹೇಳಿದ್ದರಂತೆ. ಮುಂದಿನ ಕಾರ್ಡಿನಲ್ಲಿ ಅವರು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ದಾಸವಾಳ ಏರಿಸಿ, ಕಾಯಿ ಒಡೆದು, ಎರಡು ಬಾಳೆಹಣ್ಣು ಇಟ್ಟು ಕೈಮುಗಿದದ್ದು ಮೂರು ಮೂರರ ಕಂತಿನಲ್ಲಿ ಅಚ್ಚುಕಟ್ಟಾಗಿ ಮೂಡಿಬಂದಿತ್ತು. ಪ್ರತಿ ಸಲ ಬಾಗಿದಾಗಲೂ ಕೆಂಪು ಕಣ್ಣು ಬೆಳಗಿದ್ದರಿಂದ ಅವರ ನಂಬಿಕೆ ಗಟ್ಟಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಅದು ಕ್ಯಾಮೆರಾ ಎಂದು ನಾನು ತೋರಿಸಿ ಹೇಳಿದಾಗ, ಯಂತ್ರವನ್ನು ಅಲ್ಲೇ ಕಟ್ಟಬೇಕೆಂದು ಯಜಮಾನರಿಗೆ ಬುದ್ಧಿ ಕೊಟ್ಟವರು ಯಾರು ಎಂದು ತಿರುಗಿ ಕೇಳಿದರು. ಅಪ್ಪಯ್ಯನೂ ಈ ವಾದದಲ್ಲಿ ಹುರುಳಿದೆಯೆಂದು ತಲೆಯಾಡಿಸಿದ್ದರಿಂದ, ಅದನ್ನು ಉತ್ತರಕ್ಕೆ ತಿರುಗಿಸುವ ನನ್ನ ಯೋಜನೆ ಶಾಶ್ವತವಾಗಿ ಕೈಬಿಟ್ಟುಹೋಯಿತು.

ಆದರೆ ಆ ಕಾಯಿಯ ವಾಸನೆಗೆ ಪ್ರಾಣಿಗಳು ಬಂದವು. ಮೊದಲು ಇಲಿ, ಆಮೇಲೆ ಇರುವೆ. ಇರುವೆಗಳು ಹಣ್ಣನ್ನು ಮುಗಿಸಿ, ಬೆಚ್ಚಗಿದ್ದ ಕ್ಯಾಮೆರಾದ ಒಳಕ್ಕೆ ಸಂಸಾರ ಸಮೇತ ಬಂದು ಸೆಲ್ಲುಗಳ ಸಂದಿಯಲ್ಲಿ ಮೊಟ್ಟೆಯಿಟ್ಟಿದ್ದವು. ಬಾಗಿಲು ತೆರೆದವನ ಮೊಣಕೈವರೆಗೆ ಹತ್ತಿ ತಮ್ಮ ಹಕ್ಕನ್ನು ಸ್ಥಾಪಿಸಿದವು. ಕೊನೆಗೆ ಒಂದು ರಾತ್ರಿ ಚೌಕಟ್ಟಿನ ಬಲತುದಿಯಲ್ಲಿ ಗಿಡ್ಡ ಹಿಂಗಾಲುಗಳೂ ನೀಳವಾದ ಕಪ್ಪು ಬಾಲವೂ ಕಂಡವು. ಬಾಲದಲ್ಲಿ ಉಂಗುರದಂಥ ಪಟ್ಟೆಗಳಿರಲಿಲ್ಲವಾದ್ದರಿಂದ ಅದು ಪುನುಗಿನ ಬೆಕ್ಕಲ್ಲ, ಕಬ್ಬೆಕ್ಕೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಮರ ಹತ್ತಿ, ಮಾಗಿದ ಹಣ್ಣನ್ನೇ ಆರಿಸಿ ತಿನ್ನುವ ನಾಜೂಕು ಇರುವುದೂ ಅದಕ್ಕೇ. ಮುಖ ಕಾಣದ ಹೊರತು ಒಪ್ಪುವುದಿಲ್ಲವೆಂದು ಚಿಕ್ಕಪ್ಪ ಪಟ್ಟು ಹಿಡಿದರು. ಮುಳ್ಳುಹಂದಿ ಮುಳ್ಳು ಮಡಚಿಕೊಂಡಾಗ ಹೀಗೇ ಕಾಣುತ್ತದೆ ಎಂದು ಅಪ್ಪಯ್ಯ ಹೇಳಿದರು.

ಮುಖವೇ ಬೇಕೆಂದರೆ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟಬೇಕು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾಗಳಿಂದ ಹುಲಿಗಳನ್ನು ಎಣಿಸಿದ ಕಾಲದಿಂದಲೂ ನಡೆದುಬಂದ ಪದ್ಧತಿ ಅದು. ಹುಲಿಯ ಎಡಮಗ್ಗುಲಿನ ಪಟ್ಟೆಗಳಿಗೂ ಬಲಮಗ್ಗುಲಿನವಕ್ಕೂ ಹೋಲಿಕೆ ಇಲ್ಲದ್ದರಿಂದ ಎರಡೂ ಕಡೆಯ ಚಿತ್ರ ಬೇಕಾಗುತ್ತದೆ. ಬಾಳೆಗೊನೆಯ ಕಳ್ಳನಿಗೂ ಅದೇ ಮರ್ಯಾದೆ ಸಲ್ಲಲಿ ಎಂದು ಮನೆಯವರು ಒಪ್ಪಿದರು. ಈ ಸಲ ಕಣ್ಣಿಗೆ ಕಾಣದ 940ರ ದೀಪದ್ದನ್ನೇ ತರಿಸೋಣ, ಒಂದೇ ತೋಟದಲ್ಲಿ ಎರಡೆರಡು ಚೌಡಿಯಾಗುವುದು ಬೇಡ ಎಂದು ನಾನು ಸೂಚಿಸಿದೆ. ಅಪ್ಪಯ್ಯ ಬಹಳ ಹೊತ್ತು ಅಡಿಕೆ ಜಗಿದು ಅದನ್ನು ತಳ್ಳಿಹಾಕಿದರು. ಕೆಂಪು ಬೆಳಕು ಕಾಣದಿದ್ದರೆ ಪೂಜೆಯಿಲ್ಲ, ಪೂಜೆಯಿಲ್ಲದಿದ್ದರೆ ಕಾಯಿಯಿಲ್ಲ, ಕಾಯಿಯಿಲ್ಲದ ಜಾಗಕ್ಕೆ ಬರಲು ಪ್ರಾಣಿಗೇನು ಹುಚ್ಚೇ ಎಂಬುದು ಅವರ ಪ್ರಶ್ನೆಯಾಗಿತ್ತು. ವನ್ಯಜೀವಿಗಳಿಗೆ ಆಹಾರವಿಟ್ಟು ಕರೆಯಬಾರದೆಂದು ನಾನು ಹೇಳಿದ್ದಕ್ಕೆ, ಆಹಾರವಿಡುವವರು ನಾವಲ್ಲವಲ್ಲ, ಅದು ದೇವರಿಗಿಟ್ಟದ್ದು ಎಂಬ ಉತ್ತರ ಸಿದ್ಧವಾಗಿತ್ತು. ಹೀಗಾಗಿ ಇನ್ನೊಂದು 850ರದ್ದಕ್ಕೇ ಹೇಳಿ ಕಳಿಸಿದ್ದೇವೆ. ಅದರ ತಾರೀಕನ್ನು ತಾವೇ ಕೂಡಿಸಿಕೊಡುವುದಾಗಿ ಚಿಕ್ಕಪ್ಪ ಈಗಾಗಲೇ ಮುಂದೆ ಬಂದಿದ್ದಾರೆ.